ರೆಕ್ಕೆಯ ಹೊಟ್ಟೆಯೊಳಗೆ

ರಾಯಚೂರಿನ ಆಶಾಪುರ ರಸ್ತೆಯಲ್ಲಿರುವ ತಾಯಣ್ಣನ ಮನೆಗೆ ಹೊಸಬರು ಯಾರಾದರೂ ಹೋದರೆ ಮೊದಲು ಒಂದು ವಿಚಾರಣೆ ಎದುರಿಸಬೇಕು. ಯಾರು, ಎಲ್ಲಿಂದ ಬಂದಿರಿ, ವಿಳಾಸ ಕೊಟ್ಟವರು ಯಾರು, ಅವರು ಯಾಕೆ ಕೊಟ್ಟರು. ಅಷ್ಟೂ ಮುಗಿದ ಮೇಲೆ ಕುರ್ಚಿ. ಆ ಕುರ್ಚಿಯ ಕಾಲನ್ನೂ ತಾಯಣ್ಣ ಒಮ್ಮೆ ಅಲ್ಲಾಡಿಸಿ ನೋಡಿಯೇ ಕೂರಲು ಹೇಳುವುದು. ಹಾಲಿನವನು ತಂದ ಹಾಲನ್ನು ಮೂಸಿ ನೋಡುವುದು, ಹೆಂಡತಿ ಮೌನೇಶ್ವರಿ ಆರಿಸಿದ ಗ್ಯಾಸನ್ನು ಹೋಗಿ ಮತ್ತೆ ಆರಿಸುವುದು, ಹಾಕಿದ ಬೀಗವನ್ನು ಜಗ್ಗಿ, ಬೀದಿಯ ತಿರುವಿನವರೆಗೂ ನಡೆದು, ವಾಪಸ್ ಬಂದು ಇನ್ನೊಮ್ಮೆ ಜಗ್ಗುವುದು, ಇವೆಲ್ಲ ಆ ಮನೆಯ ನಿತ್ಯದ ಪದ್ಧತಿ. ಮೌನೇಶ್ವರಿ ಮೊದಮೊದಲು ಸಿಟ್ಟಾಗುತ್ತಿದ್ದಳು. ಆಮೇಲೆ ಅಡುಗೆ ಮುಗಿಸಿ, "ನಿಮ್ ಪಾಳಿ ಬಂತು, ಹೋಗ್ರಿ" ಎಂದು ಒಲೆಯ ಕಡೆ ಕೈ ತೋರಿಸಲು ಶುರು ಮಾಡಿದಳು.

ಈ ಗುಣ ತಾಯಣ್ಣನಿಗೆ ಎರಡು ಕಡೆಯಿಂದ ಬಂದದ್ದು. ಒಂದು ವಾಯುಸೇನೆಯಿಂದ. ದೇವದುರ್ಗ ತಾಲೂಕಿನ ಮಸರಕಲ್‌ನ ಕೂಲಿಯವರ ಮನೆಯ ಈ ಹುಡುಗ ಏರ್‌ಮನ್ ಆಗಿ ಸೇರಿದ, ವಿಮಾನದ ಮೈಕಟ್ಟು ನೋಡಿಕೊಳ್ಳುವ ಫಿಟ್ಟರ್ ಆದ, ಕೊನೆಗೆ ಬೇರೆಯವರ ಕೆಲಸ ತಪಾಸಣೆ ಮಾಡುವ ವಾರಂಟ್ ಆಫೀಸರ್ ಆಗಿ ನಿವೃತ್ತನಾದ. ಅಲ್ಲಿ ಒಬ್ಬ ಬಿಗಿದ ಬೋಲ್ಟನ್ನು ಇನ್ನೊಬ್ಬ ಮುಟ್ಟಿ ನೋಡಲೇಬೇಕು. ನೋಡಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನೋಡದೆ ಬಿಟ್ಟರೆ ಮೇಲೆ ಹೋದವನು ಕೆಳಗೆ ಬರುವ ರೀತಿಯೇ ಬೇರೆ. ಇನ್ನೊಂದು ಕಡೆ ಎಂದರೆ ಅಪ್ಪ ಮುದುಕಪ್ಪ. ಅವನು ಪರ ಊರಿನ ಗೌಡರೊಬ್ಬರ ಕಣಕ್ಕೆ ರಾಶಿ ಮಾಡಲು ಹೋಗುತ್ತಿದ್ದ. ಸಂಜೆ ಹೊರಡುವಾಗ ಆಳುಗಳೆಲ್ಲ ಸಾಲಾಗಿ ನಿಂತು ತಂತಮ್ಮ ಟವಲು ಝಾಡಿಸಿ ತೋರಿಸಬೇಕು, ಜೋಳ ಕಟ್ಟಿಕೊಂಡಿಲ್ಲವೆಂದು. ಅಪ್ಪ ಟವಲು ಝಾಡಿಸಿದ್ದನ್ನು ತಾಯಣ್ಣ ಚಿಕ್ಕಂದಿನಲ್ಲಿ ಕಣ್ಣಾರೆ ನೋಡಿದ್ದ. ಅವತ್ತು ಹೊಟ್ಟೆಯಲ್ಲಿ ಹೊತ್ತಿಕೊಂಡ ಬೆಂಕಿ ಆರಲೇ ಇಲ್ಲ. ನೀವು ನಮ್ಮನ್ನು ನಂಬಲಿಲ್ಲ, ನಾನು ಯಾಕೆ ನಿಮ್ಮನ್ನು ನಂಬಲಿ ಎಂಬ ಲೆಕ್ಕಾಚಾರದಲ್ಲೇ ಅವನ ಆಯುಷ್ಯ ಕಳೆಯಿತು.

ಇಷ್ಟು ಅನುಮಾನದ ಮನುಷ್ಯನಿಗೂ ಒಂದು ವಿನಾಯಿತಿ ಇತ್ತು. ಮಾನ್ವಿಯ ದಸ್ತಗೀರ್ ಸಾಬ್. ಇಬ್ಬರೂ ಮಾನ್ವಿಯ ಕಾಲೇಜಿನಲ್ಲಿ ಒಂದೇ ಬೆಂಚು. ಒಬ್ಬ ಸೇನೆಗೆ ಹೋದ, ಇನ್ನೊಬ್ಬ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆದ. ತಾಯಣ್ಣ ರಜೆಗೆ ಬಂದಾಗಲೆಲ್ಲ ದುಡ್ಡಿರಲಿ, ಮನೆಯ ಕೀಲಿಯಿರಲಿ, ಮನಸ್ಸಿನೊಳಗಿನ ಮಾತಿರಲಿ, ದಸ್ತಗೀರನ ಕೈಗೆ ಕೊಟ್ಟು ತಿರುಗಿ ನೋಡುತ್ತಿರಲಿಲ್ಲ. ದಸ್ತಗೀರ್ ಬಿಗಿದ ಬೋಲ್ಟನ್ನು ಅವನು ಮುಟ್ಟಿ ನೋಡಿದ್ದೇ ಇಲ್ಲ. "ನನಗ ಒಂದು ಜಾಗದಾಗ ಕಣ್ಣು ಮುಚ್ಚಿ ಕುಂದ್ರಾಕ ಆಗ್ತದ ಅಂದ್ರ ಅದು ದಸ್ತು ಬಾಜೂಕ ಮಾತ್ರ" ಎಂದು ಅವನೇ ಹೆಂಡತಿಯ ಹತ್ತಿರ ಹೇಳಿಕೊಂಡದ್ದುಂಟು. ಆ ಒಂದು ಜಾಗವನ್ನೂ ತಾಯಣ್ಣ ಹೇಗೆ ಕಳೆದುಕೊಳ್ಳಲು ಹೋದ ಎಂಬುದೇ ಈ ಕತೆ.

ಗಿಲ್ಲೆಸುಗೂರಿನ ದಾರಿಯಲ್ಲಿ, ಊರು ಮುಗಿಯುವಲ್ಲಿ, ಬಾಗಿಲು ಮುಚ್ಚಿದ ಹತ್ತಿ ಗಿರಣಿಯೊಂದಿದೆ. ಅದರ ಷೆಡ್ಡಿನಲ್ಲಿ ಪ್ರತಿ ಭಾನುವಾರ ಕೆಲವರು ಸೇರಿ ಹಳೆಯ ಸೇನಾ ವಿಮಾನವೊಂದನ್ನು ರಿಪೇರಿ ಮಾಡುತ್ತಿದ್ದರು. ಒಂದರ ಮೇಲೊಂದು ಎರಡು ಜೊತೆ ರೆಕ್ಕೆಯಿರುವ, ಮರದ ಪಕ್ಕೆಗಳ ಮೇಲೆ ಬಟ್ಟೆ ಹೊದಿಸಿದ ತರಬೇತಿ ವಿಮಾನ. ಯಾವುದೋ ಕಾಲೇಜಿನ ಅಂಗಳದಲ್ಲಿ ಪ್ರದರ್ಶನಕ್ಕೆಂದು ನಿಂತು ನಿಂತು, ಗಿಳಿಗಳು ಗೂಡು ಕಟ್ಟಿ, ಗೆದ್ದಲು ತಿಂದು, ಕೊನೆಗೆ ಗುಜರಿಗೆ ಹೋಗಬೇಕಿದ್ದದ್ದನ್ನು ಪಾಲಿಟೆಕ್ನಿಕ್ ಮೇಷ್ಟ್ರು ಹಾಲೇಶ ಬೇಡಿ ತಂದಿದ್ದ. ಬಣ್ಣ ಬಳಿದು ನಿಲ್ಲಿಸಲು ಅಲ್ಲ, ಹಾರಿಸಲು. ಊರಿನವರು ನಕ್ಕರು. ಸೊಂಟ ಹಿಡಿದರೆ ಇವರನ್ನು ಎಬ್ಬಿಸಲು ಇಬ್ಬರು ಬೇಕು, ಇವರು ವಿಮಾನ ಎಬ್ಬಿಸುತ್ತಾರಂತೆ ಎಂದು ಚಹಾದಂಗಡಿಯಲ್ಲಿ ಮಾತಾಡಿಕೊಂಡರು. ಯಾರಿಗೂ ಸಂಬಳವಿಲ್ಲ. ಮೈಕಟ್ಟು ತಾಯಣ್ಣನದು, ಇಂಜಿನ್ ದಸ್ತಗೀರನದು. ಷೆಡ್ಡಿನ ಬೀಗಕ್ಕೆ ಎರಡೇ ಕೀಲಿ, ಅವೂ ಇವರಿಬ್ಬರ ಹತ್ತಿರ.

ರೆಕ್ಕೆಗೆ ಬಟ್ಟೆ ಹೊಲಿಯುವುದು ಸುಮ್ಮನೆ ಮಾತಲ್ಲ. ಒಂದೊಂದು ಪಕ್ಕೆಗೂ ಮೇಣ ಹಚ್ಚಿದ ದಾರದಿಂದ ಮೇಲೂ ಕೆಳಗೂ ಚುಚ್ಚಿ ಗಂಟು ಹಾಕುತ್ತ ಹೋಗಬೇಕು. ತಾಯಣ್ಣನ ಕಣ್ಣು ಮಂಜಾಗಿತ್ತು, ಹಾಲೇಶನ ಹೊಲಿಗೆ ನೋಡಿದರೆ ಗೋಣಿಚೀಲದವನೂ ನಗುತ್ತಿದ್ದ. ಆಗ ಮೌನೇಶ್ವರಿ ಬೂದೆಮ್ಮನನ್ನು ನೆನಪಿಸಿಕೊಂಡಳು. ಮೌನೇಶ್ವರಿ ಮಾನ್ವಿ ತಾಲೂಕಿನ ಚೀಕಲಪರ್ವಿಯಲ್ಲಿ ಶಾಲೆಯ ಟೀಚರಾಗಿದ್ದಾಗ ಪರಿಚಯವಾದ, ಕುರಿ ಸಾಕುವ ಮನೆಯ ಹೆಂಗಸು ಅವಳು. ಹಳೆಯ ಸೀರೆಗಳನ್ನು ಜೋಡಿಸಿ ಹೊದಿಕೆ ಮಾಡುವ ಕೌದಿ ಹೊಲಿಗೆಯಲ್ಲಿ ನುರಿತ ಕೈ. ಕರೆದದ್ದೇ ತಡ, "ಹಾರೋ ಕೌದಿ ಅಂದ್ರ ನಾ ಬರ್ತೀನ್ರಿ ಟೀಚರವ್ವಾ" ಎಂದು ಬಂದೇಬಿಟ್ಟಳು. ಪ್ರತಿ ಭಾನುವಾರ ದಸ್ತಗೀರನ ಜೊತೆ ಮಾನ್ವಿ ಬಸ್ಸಿಗೆ ಬಂದು ಹೊಲಿದು ಹೋಗುತ್ತಿದ್ದಳು.

ತಾಯಣ್ಣ ಅವಳ ಬೆನ್ನ ಹಿಂದೆಯೇ ನಿಂತಿರುತ್ತಿದ್ದ. ಒಂದು ಗಂಟು ಬಿದ್ದರೆ ಬಗ್ಗಿ ಉಗುರಿನಿಂದ ಎಬ್ಬಿಸಿ ನೋಡುತ್ತಿದ್ದ.

"ಯಣ್ಣಾ, ನೀವು ಹಿಂಗ ನಿಂತ್ರ ನನ್ನ ಕೈ ನಡಗ್ತಾವ್ರಿ. ಅತ್ಲಾಗ ಸರೀರಿ" ಎಂದಳು ಬೂದೆಮ್ಮ.

"ನಡಗೋ ಕೈ ಹೊಲಿಗಿ ಹೆಂಗ ಬರ್ತದ ಅಂತನೇ ನೋಡಾಕತ್ತೀನಿ" ಎಂದ ತಾಯಣ್ಣ. ಅವಳು ತಲೆ ಚಚ್ಚಿಕೊಂಡಳು.

ಒಂದು ಭಾನುವಾರ ಎಡಗಡೆಯ ಕೊನೆಯ ರೆಕ್ಕೆ ಮುಗಿಯಲು ತುದಿಯಲ್ಲಿ ಗೇಣು ಹೊಲಿಗೆ ಬಾಕಿಯಿತ್ತು. ತಾಯಣ್ಣನಿಗೆ ಮನೆಯಲ್ಲಿ ನೆಂಟರು ಬರುವವರಿದ್ದರು, ಬೇಗ ಹೋದ. ಮುಂದಿನ ಭಾನುವಾರ ಬಂದಾಗ ತುದಿ ಮುಚ್ಚಿತ್ತು. ಅವತ್ತೇ ಸಂಜೆ ಹೊಲಿದಿರಬೇಕು ಅಂದುಕೊಂಡ. ಹೊರಗಿನಿಂದ ಉಗುರಿಟ್ಟು ನೋಡಿದ, ಗಂಟುಗಳು ಬಿಗಿಯಾಗಿದ್ದವು. ಹಾಲೇಶ ರೆಕ್ಕೆಗೆ ಡೋಪ್ ಬಳಿದ. ಡೋಪ್ ಎಂದರೆ ಮೂಗು ಕಟ್ಟುವಂತೆ ನಾರುವ ಒಂದು ಮೆರುಗೆಣ್ಣೆ. ಒಣಗುತ್ತ ಬಟ್ಟೆಯನ್ನು ಬಾರಿಸುವ ಹಲಗೆಯ ಚರ್ಮದ ಹಾಗೆ ಎಳೆದು ಬಿಗಿ ಮಾಡುತ್ತದೆ. ಇನ್ನು ರೆಕ್ಕೆಯನ್ನು ಮೈಗೆ ಜೋಡಿಸುವುದೊಂದೇ ಉಳಿಯಿತು.

ಜೋಡಿಸುವ ಹಿಂದಿನ ದಿನ, ಶನಿವಾರ, ತಾಯಣ್ಣನಿಗೆ ಮನಸ್ಸು ತಡೆಯದೆ ಒಬ್ಬನೇ ಷೆಡ್ಡಿಗೆ ಬಂದ. ರೆಕ್ಕೆಯನ್ನು ಇಟ್ಟಿದ್ದ ಸ್ಟ್ಯಾಂಡಿನ ಕಾಲಿನ ಮೇಲೆ ಇರುವೆಗಳ ಸಾಲು. ಸಾಲನ್ನೇ ಹಿಂಬಾಲಿಸಿದ. ಅವು ರೆಕ್ಕೆಯ ಅಡಿಗೆ ಹೋಗಿ, ಒಳಗೆ ನೀರು ನಿಲ್ಲದಿರಲೆಂದು ಬಿಟ್ಟ ಸಣ್ಣ ತೂತಿನೊಳಗೆ ಇಳಿಯುತ್ತಿದ್ದವು. ಹೊರಗೆ ಬರುವವು ಖಾಲಿ ಬಾಯಲ್ಲಿ ಬರುತ್ತಿರಲಿಲ್ಲ. ತಾಯಣ್ಣ ಬೆರಳ ಗೆಣ್ಣಿನಿಂದ ಬಟ್ಟೆ ತಟ್ಟುತ್ತ ಹೋದ. ಎಲ್ಲ ಕಡೆ ಟಣ್ ಎನ್ನುವ ಬಟ್ಟೆ ತುದಿಯಲ್ಲಿ ದಪ್ ಎಂದಿತು. ಒಳಗೆ ಏನೋ ಇದೆ. ಇವತ್ತು ಇರುವೆ, ನಾಳೆ ಇಲಿ. ಇಲಿ ಹೊಕ್ಕ ರೆಕ್ಕೆ ಆಕಾಶದಲ್ಲಿ ಹರಿದರೆ ಪೈಲಟ್ಟಿನ ಗತಿ?

ಗೇಟಿನ ಕಾವಲುಗಾರ ಹನುಮಂತ್ರಾಯನನ್ನು ಕರೆದು ಕೇಳಿದ. "ನಡಬರಕ ಯಾರರ ಬಂದಿದ್ರೇನು?"

"ಸಾಬ್ರು ಬಂದಿದ್ರಲ್ರೀ, ಹಿಂದಿನ ವಾರ ಗುರುವಾರ ಮಧ್ಯಾಹ್ನ. ಷೆಡ್ಡಿನ ಬಾಗಿಲ ತಗಿಯೋ ಮುಂದ ನೋಡಿದೆ. ನಾ ಉಣ್ಣಾಕ ಹೊಂಟಿದ್ದೆ, ಮುಂದಿಂದು ಗೊತ್ತಿಲ್ರಿ."

ದಸ್ತಗೀರ್? ಗುರುವಾರ? ಹೇಳಲೇ ಇಲ್ಲವಲ್ಲ. ತಾಯಣ್ಣ ನಿಂತಲ್ಲೇ ಫೋನು ಮಾಡಿದ. ಕುಶಲ ಕೇಳಿದ, ಹವೆ ಮಾತಾಡಿದ, ಕೊನೆಗೆ ಏನೂ ಅಲ್ಲವೆಂಬಂತೆ, "ಭಾನುವಾರ ಬಿಟ್ಟು ನಡಬರಕ ಷೆಡ್ಡಿಗೆ ಬಂದಿದ್ದೇನು ದಸ್ತು?" ಎಂದ.

"ಇಲ್ಲಲ್ಲ. ಯಾಕ?"

"ಸುಮ್ನ ಕೇಳಿದೆ."

ಅಷ್ಟು ಸಾಕಾಯಿತು. ಬೇರೆ ಯಾರಾದರೂ ಆಗಿದ್ದರೆ ತಾಯಣ್ಣ ಇಷ್ಟು ಕುಸಿಯುತ್ತಿರಲಿಲ್ಲ. ಲೋಕದ ಸುಳ್ಳು ಅವನಿಗೆ ಹೊಸದಲ್ಲ. ಆದರೆ ಅನುಮಾನವೆಂಬುದು ಇಷ್ಟು ವರ್ಷ ಒಂದು ಮನೆಯ ಹೊಸ್ತಿಲಾಚೆ ನಿಂತಿತ್ತು. ಈಗ ಒಳಗೆ ಬಂದು ಹಾಸಿಗೆ ಹಾಕಿಯೇ ಕೂತಿತು. ಅವತ್ತು ಮನೆಗೆ ಹೋಗುತ್ತ ದಾರಿಯುದ್ದಕ್ಕೂ ಅವನ ತಲೆ ತಾನೇ ಎಲ್ಲ ಹೊಂದಿಸಿಕೊಂಡಿತು. ಕೆಲವು ತಿಂಗಳ ಹಿಂದೆ ಹೈದರಾಬಾದಿನಿಂದ ಒಬ್ಬ ಬಂದಿದ್ದ, ತನ್ನ ಹೋಟೆಲಿನ ಮುಂದೆ ನಿಲ್ಲಿಸಲು ವಿಮಾನ ಬೇಕೆಂದು. ತಾಯಣ್ಣ ಅವನನ್ನು ಬೈದು ಕಳಿಸಿದ್ದ. ದಸ್ತಗೀರ್ ಮಾತ್ರ ಚಹಾ ಕುಡಿಸಿ, ಅವನು ಕೊಟ್ಟ ಕಾರ್ಡನ್ನು ಜೇಬಿಗೆ ಇಟ್ಟುಕೊಂಡಿದ್ದ. ರೆಕ್ಕೆ ಕೆಟ್ಟರೆ ವಿಮಾನ ಹಾರುವುದಿಲ್ಲ. ಹಾರದ ವಿಮಾನ ಹೋಟೆಲಿನ ಮುಂದೆ ನಿಲ್ಲುತ್ತದೆ. ಲೆಕ್ಕ ಸರಿಯಾಯಿತು. ತಪ್ಪು ಲೆಕ್ಕ ಎಷ್ಟು ಬೇಗ ಸರಿಹೋಗುತ್ತದೆ ನೋಡಿ.

ಮೌನೇಶ್ವರಿಗೂ ಹೇಳಲಿಲ್ಲ. ಹೇಳಿದ್ದರೆ ಅವಳು ಒಂದೇ ಮಾತಿನಲ್ಲಿ ತೊಳೆದು ಹಾಕುತ್ತಿದ್ದಳು, ಅದು ಅವನಿಗೂ ಗೊತ್ತಿತ್ತು.

ಮರುದಿನ ಭಾನುವಾರ ಹಾಲೇಶ ಬಂದಿದ್ದ, ಹನುಮಂತ್ರಾಯ ಬಾಗಿಲಲ್ಲಿದ್ದ, ರೆಕ್ಕೆ ಎತ್ತಲೆಂದು ಇನ್ನೂ ಇಬ್ಬರು ಬಂದಿದ್ದರು. ಬೂದೆಮ್ಮ ಮಗಳ ಮನೆಗೆಂದು ಗಿಲ್ಲೆಸುಗೂರಿಗೆ ಹೋಗಿದ್ದಳು, ಅಲ್ಲಿಂದಲೇ ಬರುವವಳಿದ್ದಳು. ದಸ್ತಗೀರ್ ಎಂದಿನಂತೆ ಹೆಗಲಿಗೆ ಚೀಲ, ಕೊರಳಿಗೆ ಟವಲು ಹಾಕಿಕೊಂಡು ನಗುತ್ತ ಒಳಗೆ ಬಂದ.

"ನಿಂದ್ರು ಅಲ್ಲೇ" ಎಂದ ತಾಯಣ್ಣ. "ಗುರುವಾರ ಇಲ್ಲಿಗೆ ಬಂದಿದ್ದಿ. ಬಂದಿಲ್ಲ ಅಂತ ಸುಳ್ಳು ಹೇಳಿದಿ. ರೆಕ್ಕಿ ಒಳಗ ಏನ್ ಇಟ್ಟಿ?"

ದಸ್ತಗೀರನ ನಗು ಮುಖದಲ್ಲೇ ಉಳಿಯಿತು, ತೆಗೆಯುವುದು ಹೇಗೆಂದು ತಿಳಿಯದವನಂತೆ. "ಏನು ಮಾತಾಡಾಕತ್ತಿ ತಾಯಣ್ಣ?"

"ಆ ಹೋಟೆಲಿನಾವ ಎಷ್ಟು ಕೊಡ್ತೀನಿ ಅಂದಾನ?"

ಹಾಲೇಶ ನಡುವೆ ಬಂದ, "ತಾಯಣ್ಣಾವ್ರೇ, ಜರಾ ತಡೀರಿ." ತಾಯಣ್ಣನ ಬಾಯಿಗೆ ಆಗ ಬ್ರೇಕು ಇರಲಿಲ್ಲ. "ಬಂದಿದ್ದಿ ಹೌದಿಲ್ಲೊ? ಯಾಕ ಬಂದಿದ್ದಿ?"

"ಬಂದಿದ್ದೆ" ಎಂದ ದಸ್ತಗೀರ್. "ಯಾಕ ಅಂತ ಈಗ ಹೇಳಾಕ ಬರಂಗಿಲ್ಲ. ಮಾತು ಕೊಟ್ಟೀನಿ."

"ಹಂಗಾರ ಚೀಲ ಬಿಚ್ಚಿ ತೋರ್ಸು."

ದಸ್ತಗೀರ್ ಸಾಬ್ ಚೀಲವನ್ನು ನೆಲಕ್ಕೆ ಇಳಿಸಿ ಬಾಯಿ ಕೆಳಗೆ ಮಾಡಿ ಸುರಿದ. ಬುತ್ತಿಯ ಡಬ್ಬಿ, ಬಟ್ಟೆಯಲ್ಲಿ ಸುತ್ತಿದ, ನಟ್ಟು ಬಿಗಿಯುವ ಪಾನಾಗಳು, ನಮಾಜಿನ ಟೋಪಿ. ಟೋಪಿಯನ್ನು ಮಾತ್ರ ಬಗ್ಗಿ ಎತ್ತಿಕೊಂಡ. ಆಮೇಲೆ ಕೊರಳಿನ ಟವಲು ತೆಗೆದು, ಎರಡು ತುದಿ ಹಿಡಿದು, ತಾಯಣ್ಣನ ಮುಂದೆ ಝಾಡಿಸಿ ತೋರಿಸಿದ. ಕೀಲಿಯನ್ನು ರೆಕ್ಕೆಯ ಪಕ್ಕ ಇಟ್ಟು ಹೊರಗೆ ನಡೆದ.

ಟವಲು ಹಾಗೆ ಝಾಡಿಸುವುದನ್ನು ತಾಯಣ್ಣ ಹಿಂದೆಯೂ ನೋಡಿದ್ದ, ಆದರೆ ಅವತ್ತು ಅವನು ನಿಂತಿದ್ದದ್ದು ಅಪ್ಪನ ಕಡೆ. ಆದರೂ ಮನುಷ್ಯನ ಮೊಂಡುತನ ನೋಡಿ, ತಾನು ಹೇಳಿದ್ದು ನಿಜವಾದರೂ ಆಗಲಿ ಎಂದು ಬ್ಲೇಡು ಹಿಡಿದು ರೆಕ್ಕೆಯ ತುದಿ ಕೊಯ್ದ. ಕೈ ಹಾಕಿದ. ಒಳಗಿನಿಂದ ಬಂದದ್ದು ಹಳೆಯ ಸೀರೆಯ ಚೂರಿನಲ್ಲಿ ಕಟ್ಟಿದ, ಕಲ್ಲಿನಂತೆ ಒಣಗಿದ ಅರ್ಧ ಹೋಳಿಗೆ. ಮೇಲೆಲ್ಲ ಇರುವೆ.

ಅದೇ ಹೊತ್ತಿಗೆ ಬೂದೆಮ್ಮ ಬಾಗಿಲಿಗೆ ಬಂದಳು. "ಯವ್ವಾ! ಹೊಟ್ಟಿ ಕೊಯ್ದುಬಿಟ್ರೇನ್ರಿ ಯಣ್ಣಾ!"

"ಏನಿದು?"

"ಅದು ಅದರ ಊಟರೀ. ಕೌದಿ ಹಸದು ಇರಬಾರ್ದು. ಕಡೀ ಮೂಲಿ ಮುಚ್ಚೋ ಮುಂದ ಹೊಟ್ಟಿಯೊಳಗ ತುಣುಕು ಹೋಳಿಗಿ ಇಟ್ಟು ಹೊಲೀತೀವಿ. ನಮ್ಮತ್ತಿ ಹಂಗೇ ಕಲಿಸ್ಯಾಳ. ಇದಂತೂ ಮನಷ್ಯಾನ್ನ ಹೊತ್ಕೊಂಡು ಮ್ಯಾಲ ಹೋಗೋದು, ಉಪಾಸ ಕಳಸಾಕ ಬರ್ತದೇನ್ರಿ? ಹೊಟ್ಟಿ ತುಂಬೋ ಮುಂದ ಮಂದಿ ಕಣ್ಣು ಬೀಳಬಾರ್ದು. ನೀವು ನೋಡಿದ್ರ ಬೆನ್ನು ಬಿಡೋರಲ್ಲ. ಅದಕ್ಕ ಗುರುವಾರ ಸಾಬಣ್ಣಗ ಕೈ ಮುಗದು ಕರಕೊಂಡು ಬಂದೆ. ಗೇಟಿನಾವ ಉಣ್ಣಾಕ ಹೋದ ಮ್ಯಾಲೇ ನಾ ಒಳಗ ಬಂದೆ. ಒಳಗ ಏನ್ ಮಾಡ್ತೀನಿ ಅಂತ ಅವ್ರಿಗೂ ಹೇಳಿಲ್ಲ. ಪಾಪ, ಗಿಡದ ಕೆಳಗ ಕುಂತಿದ್ರು. ತಾಯಣ್ಣಗ ಹೇಳಬ್ಯಾಡ್ರಿ ಅಂತ ಆಣಿ ಹಾಕಿಸ್ಕೊಂಡಿದ್ದೆ." ಸುತ್ತ ನೋಡಿದಳು. "ಸಾಬಣ್ಣ ಎಲ್ಲಿ?"

ಹಾಲೇಶ ನೆಲದ ಮೇಲಿನ ಪಾನಾಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದ.

ಮನೆಯಲ್ಲಿ ಮೌನೇಶ್ವರಿ ಎಲ್ಲವನ್ನೂ ಕೇಳಿ ಕೂಗಾಡಲಿಲ್ಲ, ಅದರಿಂದಲೇ ತಾಯಣ್ಣನಿಗೆ ಹೆಚ್ಚು ಹೆದರಿಕೆಯಾಯಿತು. "ಮಾವನವ್ರು ಟವಲ್ ಝಾಡಿಸಿದ್ದು ನಿಮಗ ಇನ್ನೂ ಮರೆತಿಲ್ಲ" ಎಂದಳು. "ಝಾಡಿಸು ಅಂದಾವ ಮಾತ್ರ ಮರ್ತಿದ್ದ, ಮರುದಿನಾನೇ. ದಸ್ತಗೀರಣ್ಣ ಮರೀತಾರೇನು ಯೋಚನಿ ಮಾಡ್ರಿ." ತಾಯಣ್ಣ ಅವತ್ತು ಗ್ಯಾಸು ನೋಡಲು ಹೋಗಲಿಲ್ಲ. ಗೋಡೆಯ ಮೇಲಿನ ಬುದ್ಧನ ಪಟದ ಕಡೆ ನೋಡಲೂ ನಾಚಿಕೆಯಾಗಿ ಮುಖ ತಿರುಗಿಸಿ ಕೂತ.

ಸೋಮವಾರ ಬೆಳಿಗ್ಗೆ ದಸ್ತಗೀರನ ಚೀಲ, ಕೀಲಿ ಹಿಡಿದುಕೊಂಡು ಮಾನ್ವಿಗೆ ಹೋದ. ದಸ್ತಗೀರನ ಹೆಂಡತಿ ಖಾಸಿಂ ಬೀ ಬಾಗಿಲು ತೆಗೆದು, "ಬರ್ರಿ ಅಣ್ಣಾ" ಎಂದಳು, ಆದರೆ ಎಂದಿನಂತೆ ಮೌನೇಶ್ವರಿಯ ಆರೋಗ್ಯ ಕೇಳಲಿಲ್ಲ. ದಸ್ತಗೀರ್ ಮಂಚದ ಮೇಲೆ ಕೂತಿದ್ದ.

"ತಪ್ಪಾತು ದಸ್ತು. ಮಾಫ್ ಮಾಡು" ಎಂದ ತಾಯಣ್ಣ. ಜೀವಮಾನದಲ್ಲಿ ಇಷ್ಟು ಚಿಕ್ಕ ವಾಕ್ಯ ಹೇಳಲು ಅವನಿಗೆ ಇಷ್ಟು ಕಷ್ಟವಾದದ್ದಿಲ್ಲ.

"ಸುಳ್ಳು ನಾನೂ ಹೇಳಿದೆ. ಅದು ನನ್ನ ತಪ್ಪು. ಆದ್ರ ಮನಿಗೆ ಬಂದು ಕೇಳಿದ್ರ ಆಣಿ ಮುರದು ಹೇಳ್ತಿದ್ದೆ. ನಾಕು ಮಂದಿ ಮುಂದ ಚೀಲ ಬಿಚ್ಚು ಅಂದಿ." ದಸ್ತಗೀರ್ ಕಿಟಕಿಯ ಕಡೆ ನೋಡುತ್ತ ಹೇಳಿದ. "ಹೋಟೆಲಿನಾವನ ಕಾರ್ಡು ಅವತ್ತೇ ಬಸ್ ಸ್ಟ್ಯಾಂಡಿನ್ಯಾಗ ಒಗದು ಬಂದೀನಿ. ಅದನ್ನೂ ಕೇಳಬಹುದಿತ್ತು ನೀ."

"ಬರ್ತೀ ಇಲ್ಲೊ ಹೇಳು. ನೀ ಬರದಿದ್ರ ನಾನೂ ಆ ಷೆಡ್ಡಿಗೆ ಕಾಲಿಡಂಗಿಲ್ಲ."

"ಬರ್ತೀನಿ. ಮಾಫೂ ಮಾಡೀನಿ. ಚಾ ಕುಡಿ."

ತಾಯಣ್ಣ ಚಹಾ ಕುಡಿದ. ಬಸ್ಸಿನಲ್ಲಿ ಕೂತು ವಾಪಸ್ ಬರುವಾಗ ಎದೆಯ ಮೇಲಿನ ಕಲ್ಲು ಇಳಿದಂತೆ ಹಗುರಾಗಿದ್ದ. ಎಲ್ಲ ಮೊದಲಿನ ಹಾಗೆ ಆಯಿತು ಅಂದುಕೊಂಡ. ಬೇರೆಯವರ ವಿಷಯದಲ್ಲಿ ಏನನ್ನೂ ಸುಲಭಕ್ಕೆ ನಂಬದವನು ತನ್ನ ವಿಷಯದಲ್ಲಿ ಎಷ್ಟು ಬೇಗ ನಂಬಿಬಿಟ್ಟ!

ರೆಕ್ಕೆಯ ತುದಿಯನ್ನು ಬೂದೆಮ್ಮ ಮತ್ತೆ ಹೊಲಿದಳು. ಹೊಟ್ಟೆಯೊಳಗೆ ಏನೂ ಇಡಬಾರದೆಂದು ತಾಯಣ್ಣ ಕೈ ಮುಗಿದು ಕೇಳಿಕೊಂಡ. ಕೊನೆಗೆ ಒಪ್ಪಂದವೊಂದಾಯಿತು: ಅವಳು ಬುಟ್ಟಿ ತುಂಬ ಹೋಳಿಗೆ ತಂದಳು, ರೆಕ್ಕೆಯನ್ನು ಮುಟ್ಟಿದವರೆಲ್ಲ ಅದರ ಹೆಸರಿನಲ್ಲಿ ತಿಂದರು. ಹೊಲಿಯುವಾಗ ತಾಯಣ್ಣ ಗೇಟಿನ ಹೊರಗೆ ನಿಂತಿದ್ದ, ಬೆನ್ನು ತಿರುಗಿಸಿ. ದಸ್ತಗೀರ್ ಕೆಲಸಕ್ಕೆ ಬಂದ, ಬುತ್ತಿ ಹಂಚಿಕೊಂಡ, ನಕ್ಕ ಕೂಡ.

ರೆಕ್ಕೆ ಜೋಡಿಸಿ, ವಿಮಾನವನ್ನು ಮಿಲ್ಲಿನ ಅಂಗಳಕ್ಕೆ ತಳ್ಳಿ, ಇಂಜಿನ್ ಚಾಲೂ ಮಾಡುವ ದಿನ ಅರ್ಧ ಗಿಲ್ಲೆಸುಗೂರು ರಸ್ತೆಯೇ ಗೇಟಿನ ಹತ್ತಿರ ಸೇರಿತ್ತು. ಇಂಜಿನ್ ಅವತ್ತು ಚಾಲೂ ಆಯಿತು, ಅಂಗಳದ ಧೂಳೆಲ್ಲ ಎದ್ದಿತು, ಚಹಾದಂಗಡಿಯವರು ಬಾಯಿ ಮುಚ್ಚಿಕೊಂಡರು. ಹಾರಾಟದ ಪರವಾನಗಿಗೆ ತಪಾಸಣೆಯವರು ಬರುತ್ತಾರೆ, ಪೈಲಟ್ಟೂ ಒಪ್ಪಿದ್ದಾನೆ. ಇಷ್ಟು ಊರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು, ಇಂಜಿನ್ ಚಾಲೂ ಆಗುವ ಮುಂಚೆ ನಡೆದದ್ದು.

ಆ ಇಂಜಿನ್ನಿಗೆ ಬಟನ್ ಒತ್ತಿ ಚಾಲೂ ಮಾಡುವ ಸೆಲ್ಫ್ ಇಲ್ಲ. ಒಬ್ಬ ಮುಂದೆ ನಿಂತು ವಿಮಾನದ ಮೂತಿಯ ಫ್ಯಾನನ್ನು ಕೈಯಿಂದ ತಿರುಗಿಸಬೇಕು, ಇನ್ನೊಬ್ಬ ಸೀಟಿನಲ್ಲಿ ಕೂತು ಸ್ವಿಚ್ಚು ನೋಡಿಕೊಳ್ಳಬೇಕು. ಮೊದಲು ಸ್ವಿಚ್ಚು ಆಫ್ ಇಟ್ಟು ಫ್ಯಾನು ತಿರುಗಿಸಿ ಪೆಟ್ರೋಲು ಎಳೆಸಿಕೊಳ್ಳುತ್ತಾರೆ. ಆಗ ಅಪ್ಪಿತಪ್ಪಿ ಸ್ವಿಚ್ಚು ಆನ್ ಇದ್ದರೆ ಫ್ಯಾನು ತಾನೇ ತಿರುಗಿ ಮುಂದಿನವನ ಕೈ ಹೋಗುತ್ತದೆ, ತಲೆಯೂ ಹೋಗಬಹುದು. ಅದಕ್ಕೇ ಕೂಗಿ ಕೇಳುತ್ತಾರೆ, ಕೂಗಿ ಉತ್ತರ ಕೊಡುತ್ತಾರೆ. ಇಂಜಿನ್ನನ್ನು ಬಿಡಿಯಾಗಿ ಓಡಿಸಿ ನೋಡುತ್ತಿದ್ದ ದಿನಗಳಲ್ಲಿ ತಾಯಣ್ಣ ಆಫ್ ಎಂದ ತಕ್ಷಣ ದಸ್ತಗೀರನ ಕೈ ಫ್ಯಾನಿನ ಮೇಲಿರುತ್ತಿತ್ತು.

ಅವತ್ತು ತಾಯಣ್ಣ ಸೀಟಿನಲ್ಲಿ ಕೂತ. ಸ್ವಿಚ್ಚು ಸೀಟಿನ ಹೊರಗೆ, ವಿಮಾನದ ಪಕ್ಕೆಯ ಮೇಲೆಯೇ ಇತ್ತು. ದಸ್ತಗೀರ್ ಮುಂದೆ ನಿಂತು ಕೂಗಿದ, "ಸ್ವಿಚ್ ಆಫ್?"

"ಆಫ್!"

ದಸ್ತಗೀರನ ಕೈ ಫ್ಯಾನಿನ ಕಡೆ ಎದ್ದಿತು, ಅರ್ಧದಲ್ಲಿ ನಿಂತಿತು. ಅವನು ರೆಕ್ಕೆಯನ್ನು ಸುತ್ತಿ ಪಕ್ಕಕ್ಕೆ ಬಂದು, ಸ್ವಿಚ್ಚನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಫ್ ಇತ್ತು. ತಾಯಣ್ಣನ ಮುಖ ನೋಡದೆ ಮುಂದಕ್ಕೆ ಹೋಗಿ ಫ್ಯಾನು ತಿರುಗಿಸಿದ.

ನೋಡಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು ಎಂದು ಎಷ್ಟು ಮಂದಿಗೆ ಪಾಠ ಹೇಳಿದವನು ತಾಯಣ್ಣ! ಈಗ ಅವನ ಸ್ವಿಚ್ಚನ್ನೇ ಒಬ್ಬ ಮುಟ್ಟಿ ನೋಡಿದ್ದ. ಸಿಟ್ಟಲ್ಲ, ಅವಮಾನವೂ ಅಲ್ಲ. ಅಷ್ಟು ಜನರ ನಡುವೆ, ಆ ಎತ್ತರದ ಸೀಟಿನಲ್ಲಿ, ತಾನು ಒಬ್ಬನೇ ಎನ್ನಿಸಿಬಿಟ್ಟಿತು. ಇದಕ್ಕೆ ಕ್ಷಮೆ ಕೇಳಲು ಬರುವುದಿಲ್ಲ, ಕೇಳಿಯಾಗಿದೆ, ಅವನು ಕೊಟ್ಟೂ ಆಗಿದೆ.

"ಸ್ವಿಚ್ ಆನ್?" ಎಂದು ಮುಂದಿನಿಂದ ಕೂಗು ಬಂತು.

ತಾಯಣ್ಣ ಸ್ವಿಚ್ಚು ಹಾಕಿ, ಕೈಗಳೆರಡನ್ನೂ ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿದ. "ಆನ್" ಎಂದ. "ಬಂದು ನೋಡು, ದಸ್ತು."

ದಸ್ತಗೀರ್ ಮತ್ತೆ ರೆಕ್ಕೆಯನ್ನು ಸುತ್ತಿ ಬಂದು ನೋಡಿದ.